ಅರಿಜೋನಾ ಅಲ್ಲ ಗುರು, ಗೌರಿಬಿದನೂರು

ಈ ಥರದ ವಿಡಿಯೊ ನೀವೂ ನೋಡಿರ್ತೀರಿ. ಒಂದೂವರೆ ನಿಮಿಷದ್ದು. ಹೆಬ್ಬಾಳದ ಫ್ಲೈಓವರ್ ಮೇಲೆ ಇನ್ನೂ ಕತ್ತಲು, ಕಾರಿನೊಳಗೆ ಕೈಯಲ್ಲೊಂದು ಕಾಫಿ ಲೋಟ. ಟೋಲ್ ದಾಟುವ ಹೊತ್ತಿಗೆ ಬೆಳಕು ಹರಿಯುತ್ತೆ. ಅಲ್ಲಿಂದ ಮುಂದೆ ಕ್ಯಾಮೆರಾ ನೆಲ ಬಿಟ್ಟು ಮೇಲಕ್ಕೇರಿದರೆ ಮತ್ತೆ ಕೆಳಗಿಳಿಯೋದೇ ಇಲ್ಲ. ಕುಂಕುಮ ಚೆಲ್ಲಿದ ಹಾಗಿರುವ ಮಣ್ಣು, ಆನೆ ಮಲಗಿದ ಹಾಗಿರುವ ಬೂದು ಬಂಡೆ, ನಡುವೆ ಕಪ್ಪು ದಾರ ಎಳೆದಂಥ ರಸ್ತೆ, ಅದರ ಮೇಲೆ ಒಂದೇ ಒಂದು ಕಾರು. ಹಿನ್ನೆಲೆಯಲ್ಲಿ ಗಿಟಾರ್. ಕೊನೆಗೆ ತೆರೆಯ ಮೇಲೆ ಒಂದು ಸಾಲು ಬರುತ್ತೆ. ಪದ ಹಿಂದೆ ಮುಂದೆ ಆಗಬಹುದು, ಅರ್ಥ ಇಷ್ಟೇ: ಇದು ಅರಿಜೋನಾ ಅಲ್ಲ ಗುರು, ಗೌರಿಬಿದನೂರು.

ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಕಾದಂಬರಿಗೆ ಬರೀತೀವಿ. ಆದರೆ ನಮ್ಮ ವಯಸ್ಸಿನವರು ವರ್ಷಕ್ಕೆ ಓದುವ ಕಾದಂಬರಿಗಿಂತ ವಾರಕ್ಕೆ ನೋಡುವ ಇಂಥ ವಿಡಿಯೊಗಳೇ ಜಾಸ್ತಿ. ಶನಿವಾರ ಎಲ್ಲಿಗೆ ಹೋಗಬೇಕು ಅನ್ನೋದನ್ನ ಅವೇ ತೀರ್ಮಾನಿಸುತ್ತವೆ. ಅದಕ್ಕಿಂತ ದೊಡ್ಡದು, ಹೋದ ಮೇಲೆ ಏನನ್ನು ನೋಡಬೇಕು, ಏನನ್ನು ನೋಡದೆ ದಾಟಬೇಕು ಅನ್ನೋದನ್ನೂ ಅವೇ ಹೇಳಿಕೊಡುತ್ತವೆ. ಹಾಗಾಗಿ ಇದನ್ನೂ ಒಂದು ಕಲಾಪ್ರಕಾರ ಅಂತ ಒಪ್ಪಿಕೊಂಡು ವಿಮರ್ಶೆ ಮಾಡೋದು ನ್ಯಾಯ. ಯಾರೋ ಒಬ್ಬರ ಚಾನೆಲ್ ಬಗ್ಗೆ ಅಲ್ಲ, ಇಡೀ ಪ್ರಕಾರದ ಬಗ್ಗೆ.

ಮೊದಲು ಅದರ ಹೆಚ್ಚುಗಾರಿಕೆ ಹೇಳಿಬಿಡೋಣ. ಕನ್ನಡದ ಕಣ್ಣಿಗೆ ಚೆಲುವು ಅಂದರೆ ಹಸಿರು, ಹಸಿರು ಅಂದರೆ ಮಲೆನಾಡು ಅಂತ ಬಹಳ ಕಾಲದಿಂದ ಅಭ್ಯಾಸ ಆಗಿಹೋಗಿದೆ. 2006ರ ಕೊನೆಗೆ ಬಂದ 'ಮುಂಗಾರು ಮಳೆ' ಆ ಅಭ್ಯಾಸವನ್ನು ಇನ್ನೂ ಗಟ್ಟಿ ಮಾಡಿತು. ಸಕಲೇಶಪುರ, ಜೋಗದ ಕಡೆ ಬೈಕು ತಿರುಗಿಸಿದ ಒಂದು ತಲೆಮಾರೇ ಇದೆ. ಬಯಲುಸೀಮೆಗೆ ಸಿಕ್ಕಿದ್ದು ದಾರಿಯಲ್ಲಿ ಬರುವ ಊರು ಅನ್ನೋ ಪಾತ್ರ ಮಾತ್ರ. ಹೈದರಾಬಾದಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ, ನಿದ್ದೆಯಲ್ಲಿ ದಾಟಿಹೋಗುವ ಜಾಗ. ಅಂಥ ಜಾಗದ ಮುಂದೆ ಕಾರು ನಿಲ್ಲಿಸಿ, ಈ ಬಂಡೆ ಚೆನ್ನಾಗಿದೆ, ಈ ಮಣ್ಣಿನ ಬಣ್ಣ ನೋಡಿ ಅಂತ ಹೇಳಿದ್ದು ಈ ವಿಡಿಯೊಗಳೇ. ಸಣ್ಣ ಕೆಲಸ ಅಲ್ಲ ಅದು.

ತಕರಾರು ಶುರುವಾಗೋದು 'ಅರಿಜೋನಾ' ಅನ್ನೋ ಪದದಲ್ಲಿ.

ನಮ್ಮ ಬಂಡೆಗಳಿಗೆ ಬೇರೆಯವರ ವೇಷ ಹಾಕೋದು ಹೊಸದೇನಲ್ಲ. 'ಶೋಲೆ' ಬಂದದ್ದು 1975ರಲ್ಲಿ. ಗಬ್ಬರ್ ಸಿಂಗ್ ಕೂತು ಅಬ್ಬರಿಸಿದ ಬಂಡೆ ರಾಮನಗರದ್ದು. ಪರದೆಯ ಮೇಲೆ ಅದು ಉತ್ತರದ ಯಾವುದೋ ಡಕಾಯಿತರ ಸೀಮೆಯ ರಾಮಗಢ. 1984ರಲ್ಲಿ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಮಾಡಿದಾಗ ಸಾವನದುರ್ಗ, ರಾಮನಗರದ ಕಡೆಯ ಬೆಟ್ಟಗಳು ಬಿಹಾರದ ಮರಬಾರ್ ಗುಹೆಗಳಾದವು. ನಮ್ಮ ಕಲ್ಲು ಒಳ್ಳೆ ನಟ. ಯಾವ ಪಾತ್ರ ಕೊಟ್ಟರೂ ಮಾಡುತ್ತೆ. ಅದರದೇ ಹೆಸರಲ್ಲಿ ಅದಕ್ಕೊಂದು ಪಾತ್ರ ಕೊಟ್ಟವರು ಮಾತ್ರ ಕಡಿಮೆ. ಈಗ ನಾವೇ, ನಮ್ಮ ಊರಿನಿಂದ ಒಂದು ಗಂಟೆ ದೂರದ ಕಲ್ಲಿಗೆ ಅಮೆರಿಕದ ವೇಷ ಹಾಕ್ತಾ ಇದ್ದೀವಿ.

ಆ ಅಮೆರಿಕದ ಮರುಭೂಮಿಯ ಚಿತ್ರವಾದರೂ ಎಲ್ಲಿಂದ ಬಂತು? ಬಹುಪಾಲು ಸಿನಿಮಾದಿಂದ. 1939ರಲ್ಲಿ ಜಾನ್ ಫೋರ್ಡ್ 'ಸ್ಟೇಜ್‌ಕೋಚ್' ತೆಗೆದ ಮೇಲೆ ಮಾನ್ಯುಮೆಂಟ್ ವ್ಯಾಲಿ ಅನ್ನೋದು ಲೋಕಕ್ಕೆಲ್ಲ ಗೊತ್ತಾಯಿತು. ವಿಶಾಲ ಆಕಾಶ, ಕೆಂಪು ಕಲ್ಲಿನ ಕಂಬ, ಖಾಲಿ ನೆಲ. ಖಾಲಿ ಅಂತ ಕಂಡ ಆ ನೆಲ ನವಾಹೋ ಜನರದ್ದು. ಅವರು ಅಲ್ಲಿ ಕುರಿ ಮೇಯಿಸ್ತಾ, ಮನೆ ಕಟ್ಟಿಕೊಂಡು ಬದುಕ್ತಾ ಇದ್ದರು, ಈಗಲೂ ಇದ್ದಾರೆ. ನಾವು ಅರಿಜೋನಾದಿಂದ ತಂದದ್ದು ಬಣ್ಣವನ್ನು ಮಾತ್ರ ಅಲ್ಲ, ನೆಲವನ್ನು ಖಾಲಿ ಅಂತ ನೋಡುವ ಆ ಕಣ್ಣನ್ನೂ ತಂದಿದ್ದೀವಿ.

ಇನ್ನೊಂದು ಸರಳ ಸಂಗತಿ. ಚಿಕ್ಕಬಳ್ಳಾಪುರ ಜಿಲ್ಲೆ ಮರುಭೂಮಿ ಅಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಅಂತಾರೆ. ಇಲ್ಲಿ ಸರಾಸರಿ 700 ಮಿಲಿಮೀಟರ್ ಆಸುಪಾಸು ಬೀಳುತ್ತೆ. 2021ರ ನವೆಂಬರಿನ ಮಳೆಗೆ ಇಲ್ಲಿನ ಎಷ್ಟೋ ಕೆರೆ ಕೋಡಿ ಬಿದ್ದವು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಇಷ್ಟೂ ನದಿ ಹುಟ್ಟೋದು ನಂದಿ ಮತ್ತು ಅದರ ಸುತ್ತಲ ಬೆಟ್ಟ, ಬಯಲುಗಳಲ್ಲೇ. ಹುಟ್ಟಿದ ನದಿಯೆಲ್ಲ ಆಂಧ್ರಕ್ಕೋ ತಮಿಳುನಾಡಿಗೋ ಹೋಗುತ್ತೆ. ಮೇಲ್ಭಾಗದಲ್ಲಿ ಹೊಸ ಅಣೆಕಟ್ಟು ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಅಂತ 1892ರಲ್ಲೇ ಮೈಸೂರು ಸಂಸ್ಥಾನ ಬರೆದುಕೊಟ್ಟಾಗಿತ್ತು. ಹೆತ್ತ ಮನೆಯಲ್ಲಿ ಮಗಳು ನಿಲ್ಲೋ ಹಾಗಿಲ್ಲ ಅಂದ ಹಾಗೆ. ಅಂದರೆ ಇದು ಮಳೆ ಕಾಣದ ನೆಲವಲ್ಲ, ಬಿದ್ದ ನೀರು ನಿಲ್ಲದ ನೆಲ. ಕೆರೆ ಹೂಳು ತುಂಬಿದ್ದು, ರಾಜಕಾಲುವೆ ಒತ್ತುವರಿ ಆದದ್ದು, ಕೊಳವೆಬಾವಿ ಇಳಿದದ್ದು, ಎಲ್ಲಕ್ಕೂ ಕಾರಣ ಇದೆ, ಕಾಲ ಇದೆ, ಕೈ ಇದೆ. 'ಮರುಭೂಮಿ' ಅಂದ ಕೂಡಲೇ ಆ ಕಾರಣಗಳೆಲ್ಲ ಮಾಯ. ಇಲ್ಲಿ ಒಣಗಿರೋದು ದೇವರು ಮಾಡಿದ್ದು, ನಾವು ಬಂದು ಫೋಟೊ ತೆಗೆದುಕೊಂಡು ಹೋಗೋದು ಅಂತ ಆಗಿಬಿಡುತ್ತೆ.

ನನ್ನ ವಾದ ಇಷ್ಟೇ: ಈ ಸೀಮೆಯಲ್ಲಿ ನೀವು ನೋಡುವ ಒಂದೊಂದು ಬಣ್ಣವೂ ನೀರಿನ ಲೆಕ್ಕ. ಅರಿಜೋನಾದ ಬಣ್ಣ ಕಲ್ಲಿನೊಳಗೇ ಇದೆ. ವರ್ಷವಿಡೀ ಇರುತ್ತೆ, ನೋಡಿದವರಿಗೆಲ್ಲ ಒಂದೇ. ನಮ್ಮ ಬಣ್ಣ ಹಾಗಲ್ಲ. ಯಾರೋ ದುಡ್ಡು ಹಾಕಿ, ಕರೆಂಟು ಕಾದು, ನೀರೆತ್ತಿ ಬರಿಸಿದ ಬಣ್ಣ, ಇಲ್ಲಾ ನೀರಿಲ್ಲದೆ ಉಳಿದ ಬಣ್ಣ. ವಿಡಿಯೊ ಬಣ್ಣವನ್ನು ತೋರಿಸಿ ಲೆಕ್ಕವನ್ನು ಬಿಡುತ್ತೆ. ನಂಬಿಕೆ ಬರದಿದ್ದರೆ ಅದೇ ವಿಡಿಯೊದ ದಾರಿಯಲ್ಲೇ ಹೋಗೋಣ ಬನ್ನಿ.

ಬೆಂಗಳೂರಿಂದ ಚಿಕ್ಕಬಳ್ಳಾಪುರಕ್ಕೆ ಹೆಚ್ಚೂಕಡಿಮೆ 60 ಕಿಲೊಮೀಟರ್. 2023ರ ಜನವರಿಯಲ್ಲಿ ಆವಲಗುರ್ಕಿ ಹತ್ತಿರ 112 ಅಡಿಯ ಆದಿಯೋಗಿ ಪ್ರತಿಮೆ ಎದ್ದ ಮೇಲೆ ವಾರಾಂತ್ಯದಲ್ಲಿ ಈ ರಸ್ತೆ ಇನ್ನಷ್ಟು ಗಿಜಿಗುಡುತ್ತೆ. ಪ್ರತಿಮೆಯ ಕಡೆಗೇ ನೋಡುವ ಕ್ಯಾಮೆರಾ ಒಂದು ಸಲ ಪಕ್ಕಕ್ಕೆ ತಿರುಗಿದರೆ ದ್ರಾಕ್ಷಿ ಚಪ್ಪರ. ಬೆಂಗಳೂರು ಬ್ಲೂ ಅಂತ ಹೆಸರು ಪಡೆದ ಕಪ್ಪು ದ್ರಾಕ್ಷಿ, ದಿಲ್‌ಖುಷ್ ದ್ರಾಕ್ಷಿ, ಮಧ್ಯೆ ಮಧ್ಯೆ ಸೇವಂತಿಗೆ, ಚೆಂಡುಹೂವಿನ ಹಳದಿ ಪಟ್ಟೆ, ಪಾಲಿಹೌಸಿನ ಹಾಲುಬಿಳುಪು. ಮೇಲಿಂದ ನೋಡಿದರೆ ಯಾರೋ ಹೊಲಿದ ಕೌದಿಯ ಹಾಗಿರುತ್ತೆ, ಒಪ್ಪುತ್ತೇನೆ. ಆ ಹಸಿರಿನ ಬುಡದಲ್ಲಿ ಕೊಳವೆಬಾವಿ ಇದೆ. ಈ ಭಾಗದಲ್ಲಿ 1,000 ಅಡಿ, 1,500 ಅಡಿ ಅನ್ನೋದು ಈಗ ಯಾರನ್ನೂ ಬೆಚ್ಚಿಬೀಳಿಸುವ ಸಂಖ್ಯೆ ಅಲ್ಲ. ನಂದಿ ಬೆಟ್ಟದ ಎತ್ತರವನ್ನು ಸುತ್ತಲ ಬಯಲಿನಿಂದ ಅಳೆದರೆ ಎಷ್ಟಾಗುತ್ತೋ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ಪೈಪು ಇಳಿದಿರುತ್ತೆ. ಬೆಟ್ಟದ ತುದಿಯಿಂದ ಸೂರ್ಯೋದಯ ನೋಡುವವನಿಗೆ ಕೆಳಗೆ ಕಾಣೋದು ಮಂಜು ಮಾತ್ರ. ಇನ್ನೊಂದು ಬೆಟ್ಟ ತಲೆಕೆಳಗಾಗಿ ನೆಲದೊಳಗೆ ಇಳಿದಿರೋದು ಕಾಣಲ್ಲ. ನೀರೆತ್ತಿ ತುಂಬಿಸಿಟ್ಟ ಕೃಷಿಹೊಂಡಗಳು, ಪ್ಲಾಸ್ಟಿಕ್ ಹಾಸಿದವು, ಆಕಾಶದಿಂದ ಕನ್ನಡಿ ಚೂರುಗಳ ಹಾಗೆ ಹೊಳೆಯುತ್ತವೆ. ವಿಡಿಯೊದಲ್ಲಿ ಅದಕ್ಕೆ ಒಂದು ಸೆಕೆಂಡ್ ಸಿಗುತ್ತೆ, ಸಂಗೀತದ ತಾಳಕ್ಕೆ ಸರಿಯಾಗಿ. ತ್ರೀ ಫೇಸ್ ಕರೆಂಟು ರಾತ್ರಿ ಯಾವ ಹೊತ್ತಿಗೆ ಬರುತ್ತೆ ಅಂತ ಕಾದು ಎದ್ದು ಮೋಟರ್ ಹಾಕುವವನ ನಿದ್ದೆಗೆ ಯಾವ ತಾಳವೂ ಇಲ್ಲ.

ಆಳಕ್ಕೆ ಹೋದಷ್ಟೂ ನೀರಿನ ಜೊತೆ ಫ್ಲೋರೈಡೂ ಬರುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಮಿತಿ. ಈ ಜಿಲ್ಲೆಯ ಎಷ್ಟೋ ಹಳ್ಳಿಯಲ್ಲಿ ಅದು ದಾಟಿದೆ. ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರ ಮೊಣಕಾಲು ನೋವು. ಅದಕ್ಕೇ ಊರೂರಲ್ಲೂ ಶುದ್ಧ ನೀರಿನ ಘಟಕ, ನಾಣ್ಯ ಹಾಕಿ ಕ್ಯಾನು ತುಂಬಿಸೋ ಸಾಲು. ಈ ಸೀಮೆಯ ಬಣ್ಣಗಳ ಪಟ್ಟಿಯಲ್ಲಿ ಆ ಕಂದು ಬಣ್ಣವನ್ನೂ ಸೇರಿಸಬೇಕು. ಅದು ಯಾವ ಡ್ರೋನಿಗೂ ಕಾಣಲ್ಲ. ಎದುರಿಗೆ ನಿಂತು ಮಾತಾಡಿಸಿದರೆ, ಎದುರಿನವರು ನಕ್ಕರೆ ಕಾಣುತ್ತೆ.

ಚಿಕ್ಕಬಳ್ಳಾಪುರದಿಂದ ಪಶ್ಚಿಮಕ್ಕೆ, ಮಂಚೇನಹಳ್ಳಿ ಮೇಲೆ ಗೌರಿಬಿದನೂರಿನ ದಾರಿ ಹಿಡಿದರೆ ಬೂದುಹಸಿರಿನ ತೋಪುಗಳು ಸಾಲಾಗಿ ಸಿಗುತ್ತವೆ. ನೀಲಗಿರಿ. ವಿಡಿಯೊಗಳಿಗೆ ಈ ತೋಪು ಬಹಳ ಇಷ್ಟ, ಬೆಳಕು ಕೋಲುಕೋಲಾಗಿ ಬೀಳುತ್ತೆ ಅಲ್ವಾ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿ ಬೆಟ್ಟದ ತೋಟದಲ್ಲಿ ಈ ಗಿಡ ನೆಡಿಸಿದ ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ದೇಶದ ತುಂಬ ಹರಡಿದ 'ಮೈಸೂರು ಗಮ್' ತಳಿಯ ಮೂಲವೂ ಅದೇ ಬೆಟ್ಟ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾದವು. ರಾಗಿ ಬೆಳೆಯೋಕೆ ಆಳು ಬೇಕು, ನೀಲಗಿರಿಗೆ ಬೇಡ. ನೆಟ್ಟು ಊರು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಬಹುದಿತ್ತು. ಅಂತರ್ಜಲ ಹೀರುತ್ತೆ ಅನ್ನೋ ದೂರು ಜೋರಾಗಿ, ಹೊಸದಾಗಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಹೀಗಾಗಿ ಆ ಬೂದುಹಸಿರು ಯಾರೋ ಹೊಲ ಬಿಟ್ಟು ಹೋದ ಗುರುತು. ಅದನ್ನು 'ಕಾಡು' ಅಂತ ಬರೆದು ಹಾಕೋದು ಸುಳ್ಳು ಅಂತ ನಾನು ಹೇಳಲ್ಲ. ಓದು ಅರ್ಧಕ್ಕೇ ನಿಂತಿದೆ ಅಂತೀನಿ.

ನೀಲಗಿರಿ ಬರದ ಹೊಲ ಹೇಗಿರುತ್ತೆ ಅಂತ ನೋಡಬೇಕಾದರೆ ಮಳೆ ಹಿಡಿದ ವರ್ಷ ಅಕ್ಟೋಬರಿನಲ್ಲಿ ಬರಬೇಕು. ರಾಗಿ ತೆನೆ ಕಟ್ಟಿರುತ್ತೆ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂವು ರಾಗಿಯ ಹಸಿರಿಗೆ ಜರಿ ಅಂಚು ಹಿಡಿದ ಹಾಗೆ. ಈ ಬಣ್ಣಕ್ಕೆ ಕೊಳವೆಬಾವಿ ಬೇಡ, ಮಳೆ ಸಾಕು. ಆದರೆ ರೋಡ್ ಟ್ರಿಪ್ ವಿಡಿಯೊಗಳಲ್ಲಿ ಈ ಹಳದಿಯನ್ನು ನಾನು ಕಂಡಿಲ್ಲ. ಕಾರಣವೂ ಸರಳ. ಹುಚ್ಚೆಳ್ಳಿನ ಸಾಲು ಬೇಲಿಯ ಪಕ್ಕ ನಿಂತು ನೋಡಿದರೆ ಕಾಣುವಂಥದ್ದು. ಜೊತೆಗೆ, ಅದನ್ನು ತೋರಿಸಿದರೆ 'ಮರುಭೂಮಿ' ಅನ್ನೋ ತಲೆಬರಹ ಕೆಡುತ್ತೆ.

ಬಿಳಿ ಬಣ್ಣವನ್ನೂ ಮರೆಯೋ ಹಾಗಿಲ್ಲ. ದಾರಿಯಲ್ಲಿ ಒಂದೊಂದು ಬೆಟ್ಟ ಅರ್ಧಕ್ಕೇ ಕತ್ತರಿಸಿದ ಹಾಗಿರುತ್ತೆ, ಕೆಳಗಿನ ಗಿಡಗಳೆಲ್ಲ ಹಿಟ್ಟು ಬಳಿದ ಹಾಗೆ ಬೆಳ್ಳಗೆ. ಕ್ರಷರ್ ಧೂಳು. ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಇಂಥ ಕಡೆಯಿಂದಲೇ ಹೋಗೋದು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಹೆಚ್ಚುಕಡಿಮೆ 250 ಕೋಟಿ ವರ್ಷದಿಂದ ಇರುವ ಕಲ್ಲು ಅಂತ ವಿಡಿಯೊದ ದನಿ ಹೆಮ್ಮೆಯಿಂದ ಹೇಳುತ್ತೆ. ಆ ಕಲ್ಲು ಈಗ ನಿಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯ ಗೋಡೆಯಲ್ಲೂ ಇರಬಹುದು ಅನ್ನೋದನ್ನ ಅದೇ ಉಸಿರಿನಲ್ಲಿ ಹೇಳಿದರೆ ಚೆನ್ನಾಗಿರುತ್ತೆ.

ಗೌರಿಬಿದನೂರಿಗೆ ಬಂದರೆ 'ಖಾಲಿ' ಅನ್ನೋ ಪದವೇ ಸೋಲುತ್ತೆ. ಊರ ಪಕ್ಕದ ಉತ್ತರ ಪಿನಾಕಿನಿಯಲ್ಲಿ ಬಹುತೇಕ ತಿಂಗಳು ನೀರು ಕಾಣಲ್ಲ, ನಿಜ. ಆದರೆ ಅದರ ದಂಡೆಯ ಮೇಲೇ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಶಾಲೆಯಲ್ಲಿ ಓದಿರ್ತೀವಿ. ಇದೇ ತಾಲ್ಲೂಕಿನ ಹೊಸೂರಿನಿಂದ ಹೊರಟ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ. ಊರಾಚೆ 1970ರ ದಶಕದಿಂದ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿ ಕೂತ ರೇಡಿಯೊ ದೂರದರ್ಶಕ ಇದೆ. ಆ ಸಾಲಿನ ಉದ್ದ ಪೂರ್ವ-ಪಶ್ಚಿಮಕ್ಕೆ ಸುಮಾರು 1.4 ಕಿಲೊಮೀಟರ್. ದೂರದಿಂದ ನೋಡಿದರೆ ಟೊಮೆಟೊ ಗಿಡಕ್ಕೆ ಕಟ್ಟಿದ ತಂತಿ ಅನ್ನಿಸಬೇಕು. ಅದು ಸೂರ್ಯನ, ನಕ್ಷತ್ರಲೋಕದ ರೇಡಿಯೊ ಅಲೆಗಳನ್ನು ಕೇಳಿಸಿಕೊಳ್ಳುತ್ತೆ. ಗದ್ದಲ ಕಡಿಮೆ ಇರುವ ಜಾಗ ಅಂತ ವಿಜ್ಞಾನಿಗಳು ಇಲ್ಲಿಗೆ ಬಂದರು. ಅದೇ ಮೌನವನ್ನು ನಮ್ಮ ವಿಡಿಯೊ ಗಿಟಾರಿನಿಂದ ಮುಚ್ಚುತ್ತೆ.

'ಖಾಲಿ' ಅನ್ನೋದರ ಬಗ್ಗೆ ಇಷ್ಟು ಯಾಕೆ ಜಗಳ ಅಂದರೆ, ಖಾಲಿ ಅಂತ ನೋಡಿದ ಜಾಗವನ್ನು ಖಾಲಿ ಮಾಡಿಸೋದು ಸುಲಭ. ವಿಡಿಯೊ ಮುಗಿದ ಕೂಡಲೇ ಬರುವ ಜಾಹೀರಾತು ಗಮನಿಸಿ: ಬೆಟ್ಟ ಕಾಣುವ ಸೈಟು, ವಾರಾಂತ್ಯದ ತೋಟದ ಮನೆ, ಇಷ್ಟು ಅಡಿಗೆ ಇಷ್ಟು ಲಕ್ಷ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ಕೊಡಬೇಕೋ ಬೇಡವೋ ಅಂತ ಊರೂರೇ ಪರ-ವಿರೋಧವಾಗಿ ನಿಂತಿವೆ. ಅಲ್ಲಿ ಕೊಡ್ತೀವಿ ಅನ್ನುವವರಿಗೂ ಕಾರಣ ಇದೆ, ಕೊಡಲ್ಲ ಅನ್ನುವವರಿಗೂ ಇದೆ. ಇಬ್ಬರಿಗೂ ಗೊತ್ತಿರೋ ಒಂದು ಸಂಗತಿ ಡ್ರೋನಿಗೆ ಗೊತ್ತಿಲ್ಲ: ಅದು ಯಾರದೋ ಜಮೀನು.

ಗೌರಿಬಿದನೂರಿನಿಂದ ಅದೇ ದಾರಿಯಲ್ಲಿ ವಾಪಸ್ ಬಂದು, ಚಿಕ್ಕಬಳ್ಳಾಪುರ ದಾಟಿ ಪೂರ್ವಕ್ಕೆ ಹೊರಟರೆ ಶಿಡ್ಲಘಟ್ಟ. ರೋಡ್ ಟ್ರಿಪ್ ಪ್ರಕಾರದ ಅತಿ ದೊಡ್ಡ ಸೋಲು ಈ ಊರು. ಯಾಕೆಂದರೆ ಇಲ್ಲಿನ ಬಣ್ಣ ಸೂರಿನ ಕೆಳಗಿದೆ, ಆಕಾಶದಿಂದ ಕಾಣಲ್ಲ. ಹೊರಗೆ ಕಾಣೋದು ಹಿಪ್ಪುನೇರಳೆ ತೋಟ, ಮನೆ ಗೋಡೆಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆ. ಒಳಗೆ ಹುಳು ಮನೆಯಲ್ಲಿ ಸೊಪ್ಪು ಮೇಯುವ ಸದ್ದು, ಸೋನೆ ಮಳೆ ಬಿದ್ದ ಹಾಗೆ. ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಅದಕ್ಕೆ ಇಲ್ಲಿಯವರು ಜ್ವರ ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಮನೆ ಮಗುವಿನ ಲೆಕ್ಕದ ಹಾಗೆ. ನಾಲ್ಕು ಜ್ವರ ದಾಟಿ ಮೈ ತಿಳಿಯಾದರೆ ಹುಳು 'ಹಣ್ಣಾಯ್ತು', ಚಂದ್ರಿಕೆಗೆ ಬಿಡಬೇಕು. ದ್ವಿತಳಿಯಾದರೆ ಹಾಲಿನಂಥ ಬಿಳಿ ಗೂಡು, ಮಿಶ್ರತಳಿಯಾದರೆ ಹಳದಿ. ಆ ಹೊತ್ತಿಗೆ ನಿದ್ದೆ ಇಲ್ಲದ ಮನೆಯಲ್ಲಿ ಹೆಂಗಸರ ಪಾಲಿನ ಕೆಲಸವೇ ಹೆಚ್ಚು.

ಗೂಡು ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಈ ಬಿಳಿ-ಹಳದಿ ಎರಡೂ ರಾಶಿರಾಶಿ. ರಾಮನಗರದ ಜೊತೆಗೆ ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಇದೂ ಒಂದು. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತೆ. ಬೆಳೆದವರು ಸುತ್ತಲ ಹಳ್ಳಿಯ ರೈತರು, ಕೊಂಡು ನೂಲು ತೆಗೆಯುವವರಲ್ಲಿ ಊರಿನ ಮುಸ್ಲಿಂ ಕುಟುಂಬಗಳು ಹೆಚ್ಚು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯಲ್ಲ. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು, ಒಂದು ಒಳ್ಳೆ ಗೂಡಿನಲ್ಲಿ ಹತ್ತಿರ ಹತ್ತಿರ ಒಂದು ಕಿಲೊಮೀಟರ್ ಎಳೆ. ಇನ್ನು ರೀಲಿಂಗ್ ಬೀದಿಯ ವಾಸನೆ! ಕುದಿಯೋ ನೀರು, ಸತ್ತ ಹುಳು, ಹೊಗೆ. ಮೂಗು ಮುಚ್ಚಿಕೊಂಡು ಓಡುವ ಹಾಗಿರುತ್ತೆ. ಆ ವಾಸನೆಯಿಂದಲೇ ನಿಮ್ಮ ಮದುವೆಯ ಸೀರೆ ಶುರುವಾಗೋದು. ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವ ಕಾರಿಗೆ ಶಿಡ್ಲಘಟ್ಟ ಒಂದು ಸ್ಪೀಡ್ ಬ್ರೇಕರ್ ಮಾತ್ರ. ಇಷ್ಟು ಬಣ್ಣ, ಇಷ್ಟು ಸದ್ದು ಇರುವ ಊರನ್ನು 'ನೋಡಲು ಏನೂ ಇಲ್ಲ' ಅಂತ ದಾಟುವ ಪ್ರಕಾರ ತನ್ನನ್ನು ತಾನು ಪ್ರವಾಸ ಅಂತ ಕರೆದುಕೊಳ್ಳೋದು ಹೇಗೆ?

ಶಿಡ್ಲಘಟ್ಟದಿಂದ ಮುಂದೆ ಚಿಂತಾಮಣಿ. ಇಲ್ಲಿಗೆ ಬರುವ ವಿಡಿಯೊ ಕೈಲಾಸಗಿರಿಯ ಗುಹೆ ತೋರಿಸುತ್ತೆ, ಒಮ್ಮೊಮ್ಮೆ ಕೈವಾರ, ಅಪರೂಪಕ್ಕೆ ಮುರುಗಮಲ್ಲದ ದರ್ಗಾ. ಕೈವಾರದ ತಾತಯ್ಯ ಈ ಸೀಮೆಯಲ್ಲಿ ಊರೂರು ತಿರುಗಿದ ಹಳಬ. ಬಳೆ ಮಾರೋದು ಅವರ ಮನೆತನದ ಕಸುಬು. ಮನೆ ಬಾಗಿಲಿಗೆ ಹೋಗಿ, ಹೆಂಗಸರ ಕಷ್ಟಸುಖ ಕೇಳಿ, ಬಳೆ ತೊಡಿಸಿ ಮುಂದಿನ ಊರಿಗೆ ಹೋಗುವ ಕಸುಬು. ಅವರು ಹಾಡು ಕಟ್ಟಿದ್ದು ತೆಲುಗಿನಲ್ಲೂ ಕನ್ನಡದಲ್ಲೂ. ಇವತ್ತಿಗೂ ಚಿಂತಾಮಣಿಯ ಟೀ ಅಂಗಡಿಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತೆ, ಪಕ್ಕದ ಬೆಂಚಿನಿಂದ ಉರ್ದುವಿನಲ್ಲಿ ಉತ್ತರ ಬರುತ್ತೆ. ವಿಡಿಯೊದ ಗಿಟಾರ್ ಕಡಿಮೆ ಮಾಡಿದ್ದರೆ ಇದು ಕೇಳಿಸುತ್ತಿತ್ತು.

ಚಿಂತಾಮಣಿಯ ಕೆಂಪು ಟೊಮೆಟೊದ್ದು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ಬೆಂಗಳೂರಿನವರಿಗೆಲ್ಲ ಈ ಕಡೆಯ ಮಾರುಕಟ್ಟೆಯ ನೆನಪಾಯಿತು. ಆ ಕೆಂಪು ನಮಗೆ ಸುದ್ದಿ ಆಗೋದು ದುಬಾರಿ ಆದಾಗ ಮಾತ್ರ. ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ದಿನಗಳೂ ಇವೆ. ಕೆಂಪು ಮಣ್ಣಿನ ಮೇಲೆ ಕೆಂಪು ಟೊಮೆಟೊ. ಮೇಲಿಂದ ತೆಗೆದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ.

ಕೊನೆಗೆ ನೀಲಿ. ಎಲ್ಲ ವಿಡಿಯೊದಲ್ಲೂ ಒಂದು ಕೆರೆ ಇರುತ್ತೆ. ಬೂದು ಬಂಡೆ, ಕೆಂಪು ಮಣ್ಣಿನ ಮಧ್ಯೆ ಥಟ್ಟನೆ ನೀಲಿ, ಅದರ ಮೇಲೆ ಕೊಕ್ಕರೆ. 'ಮರುಭೂಮಿಯ ಓಯಸಿಸ್' ಅಂತ ಬರೆದಿರುತ್ತೆ. ಆ ನೀರು ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲ್ಲ. ಒಳ್ಳೆ ಮಳೆಯಾದ ವರ್ಷ ಮಳೆಯದೇ ಇರಬಹುದು. ಆದರೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಸೇರಿ ಹತ್ತಾರು ಕೆರೆಗಳಿಗೆ ಈಗ ಪೈಪಿನಲ್ಲಿ ನೀರು ಬರುತ್ತೆ. ಎಚ್.ಎನ್. ವ್ಯಾಲಿ ಯೋಜನೆ ಅಂತ ಹೆಸರು. ಎಚ್ ಅಂದರೆ ಹೆಬ್ಬಾಳ, ಎನ್ ಅಂದರೆ ನಾಗವಾರ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 210 ದಶಲಕ್ಷ ಲೀಟರಿನ ಗುರಿ ಇಟ್ಟುಕೊಂಡು ಈ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ. ಕೋಲಾರದ ಕಡೆಗೆ ಇಂಥದ್ದೇ ಕೆ.ಸಿ. ವ್ಯಾಲಿ 2018ರಲ್ಲೇ ಶುರುವಾಗಿತ್ತು.

ಅಂದರೆ ಹೆಬ್ಬಾಳದಿಂದ ಮುಂಜಾನೆ ಐದಕ್ಕೆ ಹೊರಟು, ನೂರಾರು ಕಿಲೊಮೀಟರ್ ಸುತ್ತಿ, ಡ್ರೋನ್ ಹಾರಿಸಿ ಮೈಮರೆತು ನೋಡಿದ ಆ ನೀಲಿಯಲ್ಲಿ ಒಂದು ಪಾಲು ನಿಮ್ಮದೇ ಬಚ್ಚಲಿನದು. ನಮಗಿಂತ ಮೊದಲು ನಮ್ಮ ನೀರು ರೋಡ್ ಟ್ರಿಪ್ ಬಂದಿದೆ.

ಈ ನೀರಿನ ಬಗ್ಗೆ ಇಲ್ಲಿನವರಲ್ಲಿ ಒಂದೇ ಅಭಿಪ್ರಾಯ ಇಲ್ಲ. ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂತು ಅಂತ ನೆಮ್ಮದಿ ಪಟ್ಟ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ನಮ್ಮ ಅಂತರ್ಜಲಕ್ಕೆ ಬಿಡಬೇಡಿ ಅಂತ ವರ್ಷಗಳಿಂದ ಹೋರಾಡುವವರೂ ಇದ್ದಾರೆ. ಶಾಶ್ವತ ನೀರಾವರಿ ಬೇಕು ಅನ್ನೋ ಕೂಗು ಇನ್ನೂ ಹಳೆಯದು. ಎತ್ತಿನಹೊಳೆಯಿಂದ 24 ಟಿಎಂಸಿ ತರ್ತೀವಿ ಅಂತ 2014ರಲ್ಲಿ ಶಂಕುಸ್ಥಾಪನೆ ಆಯಿತು. ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರಿನಲ್ಲಿ. ನಮ್ಮ ಕಣ್ಣಿನ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ನಂಟು ಈಗ ಒಂದು ಪೈಪು. ಅಲ್ಲಿನ ಹಸಿರು ನೋಡಿ ಒಂದು ವಿಡಿಯೊ, ಇಲ್ಲಿನ ಕೆಂಪು ನೋಡಿ ಇನ್ನೊಂದು ವಿಡಿಯೊ ಮಾಡುವವರಿಗೆ ಇದೊಂದೇ ಕತೆ ಅಂತ ಅನ್ನಿಸಬೇಕಿತ್ತು.

ಹಾಗಾದರೆ ಸುಮ್ಮನೆ ಮಜಾ ಮಾಡೋಕೆ ಹೋದವರು ಅಂತರ್ಜಲದ ಪಾಠ ಹೇಳಬೇಕಾ ಅಂತ ನೀವು ಕೇಳಬಹುದು. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಒಂದು ಬೆಳಗಿನ ಗಾಳಿ ಬೇಡವಾ? ಬೇಕು. ಪಾಠ ಬೇಡ, ಕುತೂಹಲ ಸಾಕು. ಒಳ್ಳೆ ಪ್ರವಾಸ ಕಥನಕ್ಕೆ ಯಾವತ್ತೂ ಅದೇ ಬಂಡವಾಳ. ಒಣಗಿದ ನೆಲವನ್ನು ಬೇರೆ ಥರ ನೋಡಲು ಸಾಧ್ಯ ಅಂತ ಕನ್ನಡ ಸಿನಿಮಾ 1982ರಲ್ಲೇ ತೋರಿಸಿದೆ. ಅನಂತಮೂರ್ತಿಯವರ ಕತೆ ಆಧರಿಸಿ ಎಂ.ಎಸ್. ಸತ್ಯು ಮಾಡಿದ 'ಬರ'ದಲ್ಲಿ ಅನಂತನಾಗ್ ಜಿಲ್ಲಾಧಿಕಾರಿ. ಬಿರುಕುಬಿಟ್ಟ ನೆಲ ಅಲ್ಲಿ ನೋಟವಾಗಿ ಉಳಿಯಲ್ಲ. ಕಡತ, ಅಧಿಕಾರ, ಹಸಿವು, ರಾಜಕೀಯ ಎಲ್ಲ ಅದರ ಬಿರುಕಿನಿಂದ ಎದ್ದು ಬರುತ್ತೆ. ಒಂದೂವರೆ ನಿಮಿಷದ ವಿಡಿಯೊ 'ಬರ' ಆಗಲಿ ಅಂತ ಯಾರೂ ಕೇಳ್ತಿಲ್ಲ. ಆದರೆ ನೆಲವನ್ನು ನೋಡುವಾಗ ಅದಕ್ಕೊಂದು ಕಾರಣ ಇದೆ ಅಂತ ಊಹಿಸುವಷ್ಟು ಬುದ್ಧಿ ಆ ಸಿನಿಮಾದಿಂದ ಸಾಲ ತರಬಹುದು.

ಪ್ರಕಾರದ ಒಳಗಿದ್ದುಕೊಂಡೇ ಮಾಡಬಹುದಾದ ತಿದ್ದುಪಡಿಗಳು ಸಣ್ಣವು. ಡ್ರೋನನ್ನು ಅರ್ಧ ಸಮಯ ಕೆಳಗಿಳಿಸಿ. ಸಂಗೀತವನ್ನು ಹತ್ತು ಸೆಕೆಂಡ್ ನಿಲ್ಲಿಸಿ, ಹುಳು ಮನೆಯ ಸದ್ದೋ ಸಂತೆಯ ತೆಲುಗೋ ಕೇಳಿಸಲಿ. ದ್ರಾಕ್ಷಿ ತೋಟದ ಮುಂದೆ ನಿಂತಾಗ "ಬೋರು ಎಷ್ಟು ಅಡಿಗೆ ಬಿತ್ತು ಅಣ್ಣಾ?" ಅಂತ ಒಂದು ಪ್ರಶ್ನೆ ಕೇಳಿ. ಈ ಸೀಮೆಯಲ್ಲಿ ಅಷ್ಟು ಕೇಳಿದರೆ ಸಾಕು, ಮುಂದಿನ ಅರ್ಧ ಗಂಟೆಯ ಮಾತಿಗೆ ನೀವು ಏನೂ ಮಾಡಬೇಕಾಗಿಲ್ಲ. ಎಷ್ಟು ಬೋರು ಫೇಲಾಯಿತು, ಸಾಲ ಎಷ್ಟಾಯಿತು, ಮಗ ಬೆಂಗಳೂರಲ್ಲಿ ಯಾವ ಕಂಪನಿಯಲ್ಲಿದ್ದಾನೆ, ಎಲ್ಲ ಬರುತ್ತೆ. ಕೇಳಿದ ಸಂಖ್ಯೆಯನ್ನು ತೆರೆಯ ಮೇಲೆ ಹಾಕಿ. ಸೂರ್ಯೋದಯದ ಸಮಯ, ಕಾಫಿ ಬೆಲೆ, ಪೆಟ್ರೋಲ್ ಖರ್ಚು ಎಲ್ಲ ಹಾಕ್ತೀರಲ್ಲ, ಅದರ ಪಕ್ಕದಲ್ಲಿ ಇದೂ ಒಂದು ಇರಲಿ: ಈ ಹಸಿರು, 1,300 ಅಡಿ. ಈ ನೀಲಿ, ಹೆಬ್ಬಾಳದಿಂದ.

ಆಮೇಲೆ ಊರಿನ ಹೆಸರು ಹಾಕುವಾಗ ಗೌರಿಬಿದನೂರು ಅಂತಷ್ಟೇ ಬರೆದರೂ ಸಾಕಾಗುತ್ತೆ.